ಅಕ್ಷರ ಇಲ್ಲದ ಅಡಿಕೆ ಚಾರ್ಟ್: ಇಂಕ್‌ಸ್ಕೇಪ್‌ನಲ್ಲಿ ನನ್ನ ಅನುಭವ

ಶಿಕ್ಷಕರ ಕ್ಲಸ್ಟರ್ ಸಭೆಯಲ್ಲಿ, ಶಾಲೆಯ ಮಕ್ಕಳಿಗೆಂದು ಮಾಡಿದ ನನ್ನ ಅಡಿಕೆ ಚಾರ್ಟ್ ನೋಡಿ "ಅಕ್ಷರವೇ ಇಲ್ಲದ್ದು ಯಾವ ಸೀಮೆ ಚಾರ್ಟ್ ಸಾರ್?" ಎಂದು ನಕ್ಕವರೇ ಈಗ ಅದರ ಫೈಲ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇಂಕ್‌ಸ್ಕೇಪ್ ಅಂದರೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಸಾಫ್ಟ್‌ವೇರ್; ಅದರ ಲೇಯರ್, ನೋಡ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡಿನ ವಿಷಯ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ಹದಿಮೂರೋ ಹದಿನಾಲ್ಕೋ ಸಾವಿರ, ಆಮೇಲೆ ಎಸ್‌ಎಸ್‌ಡಿ ಹಾಕಿಸಲು ಇನ್ನೊಂದು ಎರಡು ಸಾವಿರ. ಪೆನ್ ಟ್ಯಾಬ್ಲೆಟ್ ಕೂಡ ತೆಗೆದುಕೊಂಡೆ. ಅದು ದಂಡ, ಈಗಲೂ ಮೌಸೇ ನನಗೆ ವಾಸಿ. ಇಂಕ್‌ಸ್ಕೇಪಿಗೆ ಮಾತ್ರ ಒಂದು ರೂಪಾಯಿಯೂ ಬೇಕಿಲ್ಲ. ಅದಕ್ಕೂ ಮೊದಲು ಒಂದು ಆನ್‌ಲೈನ್ ಟೂಲ್ ನೋಡಿದ್ದೆ. ಅಲ್ಲಿ ರೈತ ಅಂತ ಹುಡುಕಿದರೆ ಹುಲ್ಲಿನ ಟೋಪಿ ಹಾಕಿಕೊಂಡವನು ಬರುತ್ತಾನೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ನಮ್ಮ ಕೊನೆಗಾರ ಎಲ್ಲಿಂದ ಸಿಗಬೇಕು? ಕೈಯಲ್ಲೇ ಬರೆಯಬೇಕಾಯಿತು.

ಮೊದಲ ಕೆಲವು ಫ್ಲೆಕ್ಸ್ ಸೀದಾ ಗುಜರಿಗೆ ಹೋದವು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಟ್ಟ ಫೈಲ್, ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರ ಎಲ್ಲ ಪಕ್ಕಕ್ಕೆ ಸರಿದು ನಿಂತವು. ಅಂಗಡಿಯವರು "ನುಡಿಯಲ್ಲಿ ಟೈಪ್ ಮಾಡಿ ತನ್ನಿ" ಎಂದರು (ನುಡಿ ಅಂದರೆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್), ತಂದರೆ ಆ ಫಾಂಟೇ ಅಲ್ಲಿಲ್ಲ. ಚದರಡಿಗೆ ಹನ್ನೆರಡು ರೂಪಾಯಿಯಂತೆ ನಾನೂರೋ ಐನೂರೋ ಹಾಗೇ ಹೋಯಿತು. ಈಗ ನೋಟೋ ಸಾನ್ಸ್ ಕನ್ನಡ ಎಂಬ ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿ, ಅಕ್ಷರವನ್ನೇ ಚಿತ್ರದ ಗೆರೆಯಾಗಿಸುವ ಆಬ್ಜೆಕ್ಟ್ ಟು ಪಾತ್ ಕೊಟ್ಟು, ಪಿಡಿಎಫ್ ಒಯ್ಯುತ್ತೇನೆ. ಯಾರ ಕಂಪ್ಯೂಟರಿನಲ್ಲೂ ಒತ್ತು ಅಲುಗಾಡುವುದಿಲ್ಲ. ತಿದ್ದಲು ಬರುವ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ, ಅಷ್ಟೇ.

ಬಣ್ಣದ್ದು ಇನ್ನೊಂದು ಗೋಳು. ಪರದೆಯ ಮೇಲಿನ ಎಳೆ ಹಸಿರು ನಾಲ್ಕು ಇಂಕಿನ ಮಿಷನ್ನಿನಲ್ಲಿ ಮಂಕಾಗಿಬಿಡುತ್ತದೆ. ನಾನು ಬಣ್ಣದ ಚೌಕಗಳ ಒಂದು ಹಾಳೆ ಮಾಡಿ, ಅದೇ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಅದರಲ್ಲಿ ಚೆನ್ನಾಗಿ ಬಂದ ಬಣ್ಣ ಮಾತ್ರ ಬಳಸುತ್ತೇನೆ. ಕಪ್ಪು ಗೆರೆ ಅಷ್ಟು ಕಡುವಾಗಿ ಹೇಗೆ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಹೇಳುವುದಿಲ್ಲ, ನೀವೂ ಸ್ವಲ್ಪ ಒದ್ದಾಡಿ.

ಆದರೆ ನಿಜಕ್ಕೂ ಕೆಲಸಕ್ಕೆ ಬಂದಿದ್ದು ಇದ್ಯಾವುದೂ ಅಲ್ಲ, ಮಕ್ಕಳ ಮುಂದೆ ಮೊದಲು ಬರೀ ಚಿತ್ರ ಇಟ್ಟಿದ್ದು. ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಎ4 ಕಪ್ಪು-ಬಿಳುಪು ಜೆರಾಕ್ಸ್, ಎರಡು ರೂಪಾಯಿ. ಹೆಸರು ಬರೆದರೆ ಮಕ್ಕಳು ಅದನ್ನು ಓದಿ ಸುಮ್ಮನಾಗುತ್ತಾರೆ, ಚಿತ್ರ ನೋಡುವುದೇ ಇಲ್ಲ. ಹೆಸರಿಲ್ಲದಿದ್ದರೆ ಜಗಳಕ್ಕೇ ಬರುತ್ತಾರೆ! "ಹಂಡೆ ಕೆಳಗೆ ಬೆಂಕಿ ಎಲ್ಲಿ ಸಾರ್?" "ಚೊಗರು ಹಾಕದೆ ಬೇಯಿಸ್ತಾರಾ?" (ಚೊಗರು ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ.) ದೂರದಲ್ಲಿದೆ ಎಂದು ಚಿಕ್ಕದಾಗಿ ಬರೆದ ಹಸುವನ್ನು ಕರು ಎಂದರು. ಅಡಿಕೆಯ ಒಳಭಾಗ ದೊಡ್ಡದು ಮಾಡಿ ತೋರಿಸಿದ ವೃತ್ತ ಅವರಿಗೆ ಚಂದ್ರ! ಆ ವೃತ್ತದಿಂದ ಕಾಯಿಗೆ ಎರಡು ಸಣ್ಣ ಗೆರೆ ಎಳೆದೆ, ಚಂದ್ರ ಮಾಯವಾದ. ಕ್ರಮ ತೋರಿಸಲು ಹಾಕಿದ ಬಾಣದ ಗುರುತಿಗೆ ಇನ್ನೂ ಜಾಸ್ತಿ ಹೊತ್ತು ಹಿಡಿಯಿತು. ಕೊನೆಗೆ ಬಾಣವನ್ನೇ ತೆಗೆದು, ಒಂದೇ ಹುಡುಗಿ ಒಂದೇ ಕೆಂಪು ಲಂಗದಲ್ಲಿ ನಾಲ್ಕೂ ಚಿತ್ರದಲ್ಲಿ ಬರುವ ಹಾಗೆ ಮಾಡಿದೆ. ಆಗ ಕ್ರಮ ತಾನಾಗಿ ಹಿಡಿಯಿತು. ಮಕ್ಕಳು ಒಪ್ಪಿದ ಮೇಲೆಯೇ ಅಕ್ಷರ, ಅದೂ ಬೇರೆ ಚೀಟಿಯಲ್ಲಿ, ಅವರೇ ಅಂಟಿಸುವ ಹಾಗೆ. ಇದರಲ್ಲಿ ನಗುವಂಥದ್ದೇನಿತ್ತೋ ಗೊತ್ತಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದನೇ ತರಗತಿಯ ಮಗು ಲೋಗೋ ಚಿತ್ರ ನೋಡಿಯೇ ತನ್ನ ಕಾರ್ಡ್ ಹುಡುಕಿಕೊಳ್ಳುತ್ತದಲ್ವಾ?

ನಡುವೆ ಚಿತ್ತಾರದ ಹುಚ್ಚು ಹತ್ತಿತು. ಸಾಗರದ ಕಡೆ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರಲ್ಲ, ಅದನ್ನು ಚಾರ್ಟಿನ ಅಂಚಿಗೆ ತರೋಣ ಎಂದುಕೊಂಡೆ. ಗೆರೆಯ ಉದ್ದಕ್ಕೂ ಚಿತ್ರವನ್ನು ಬಗ್ಗಿಸಿ ಕೂರಿಸುವ ಪ್ಯಾಟರ್ನ್ ಅಲಾಂಗ್ ಪಾತ್ ಹಾಕಿದರೆ ಮೂಲೆಯಲ್ಲಿ ಎಲ್ಲ ತಿರುಚಿಕೊಂಡಿತು. ಒಂದೇ ಚಿತ್ರವನ್ನು ಸಾಲಾಗಿ ನಕಲಿಸುವ ಟೈಲ್ಡ್ ಕ್ಲೋನ್ ಸರಿಬಂತು, ಆದರೆ ಗೆರೆ ತೀರಾ ನೆಟ್ಟಗೆ, ಜೀವವೇ ಇಲ್ಲ. ಗೆರೆಯನ್ನು ಅಂಕುಡೊಂಕು ಮಾಡುವ ರಫನ್ ಎಫೆಕ್ಟ್ ಒಂಚೂರು ಕೊಟ್ಟ ಮೇಲೆ ಕೈಗೆರೆ ಹತ್ತಿರ ಬಂತು. ಚಾರ್ಟಿಗೆ ಅದರಿಂದ ಏನೂ ಉಪಯೋಗವಿಲ್ಲ, ಚೆಂದ ಕಾಣುತ್ತದೆ ಅಷ್ಟೇ.

ಈಗ ಒಂದು ಚಾರ್ಟಿಗೆ ಜೆರಾಕ್ಸ್, ಫ್ಲೆಕ್ಸ್ ಎಲ್ಲ ಸೇರಿ ಇನ್ನೂರರ ಒಳಗೇ ಮುಗಿಯುತ್ತದೆ. ಅಂಗಡಿಯ ಹುಡುಗನೇ ಬೇರೆ ಗಿರಾಕಿಗಳಿಗೆ ನನ್ನ ಪಿಡಿಎಫ್ ತೋರಿಸಿ "ಫೈಲ್ ಹೀಗೆ ತನ್ನಿ" ಎನ್ನುತ್ತಾನಂತೆ. ಕೇಳಿದವರಿಗೆ ತಿದ್ದಲು ಬರುವ ಎಸ್‌ವಿಜಿ ಫೈಲನ್ನೇ ಕೊಡುತ್ತೇನೆ. ಬಯಲುಸೀಮೆಯವರು ಅಡಿಕೆ ತೆಗೆದು ಶೇಂಗಾ ಹಾಕಿಕೊಳ್ಳಿ, ಹುಡುಗಿಯ ಕೆಂಪು ಲಂಗ ಮಾತ್ರ ಹಾಗೇ ಇರಲಿ.