ನಾಸ್ಕಾರ್ ವೀಕೆಂಡ್ ನೋಡೋಕೆ ಹೋಗ್ತಿದ್ದೀರಾ? ಮೊದಲು ಒಂದು ಕಾರು ಆರಿಸಿಕೊಳ್ಳಿ

ನಾಸ್ಕಾರ್ ಅಂದರೆ ಅಮೆರಿಕದ ಕಾರ್ ರೇಸ್, ಹೆಚ್ಚಾಗಿ ಓವಲ್, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕ್‌ನಲ್ಲಿ ನಡೆಯುತ್ತದೆ. "ಓವಲ್ ರೇಸ್ ಅಂದ್ರೆ ಸುಮ್ನೆ ಎಡಕ್ಕೆ ಸುತ್ತೋದು ಅಲ್ವಾ" ಅನ್ನುವವರು ಬಹಳ ಜನ. ಮುಂದೆ ಓಡುವ ಎರಡು ಕಾರುಗಳನ್ನೇ ನೋಡುತ್ತಾ ಕೂತರೆ ಹಾಗೇ ಅನ್ನಿಸುತ್ತದೆ, ತಪ್ಪೇನಿಲ್ಲ. ಅದಕ್ಕೇ ಟ್ರ್ಯಾಕ್‌ಗೆ ಹೋದಾಗ ಲೀಡರ್‌ನ ಬಿಡಿ. ಹದಿನೈದನೇ, ಇಪ್ಪತ್ತನೇ ಜಾಗದಲ್ಲಿ ಹೊರಡುವ ಯಾವುದಾದರೂ ಒಂದು ಕಾರು ಆರಿಸಿಕೊಂಡು, ಪ್ರಾಕ್ಟೀಸ್‌ನಿಂದ ಕೊನೇ ಬಾವುಟದವರೆಗೂ ಅದರ ಹಿಂದೆಯೇ ಬೀಳಿ. ರೇಸ್ ಅರ್ಥವಾಗುವುದು ಹಾಗೆ.

ಮೊದಲ ಸಲ ಹೋಗುವವರು ಚಿಕ್ಕ ಟ್ರ್ಯಾಕ್‌ಗೇ ಹೋಗಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಟೆನೆಸ್ಸಿಯ ಬ್ರಿಸ್ಟಲ್ ಸುಮಾರು ಅರ್ಧ ಮೈಲಿಯ ಕಾಂಕ್ರೀಟ್ ಟ್ರ್ಯಾಕ್, ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಯುತ್ತದೆ, ಎಲ್ಲಿ ಕೂತರೂ ಇಡೀ ಟ್ರ್ಯಾಕ್ ಕಣ್ಣೆದುರಿಗೇ ಇರುತ್ತದೆ. ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಕೂಡ ಅಷ್ಟೇ ಚಿಕ್ಕದು, ಆದರೆ ತಿರುವುಗಳು ಹೆಚ್ಚು ಕಡಿಮೆ ಸಮತಟ್ಟು, ಹಾಗಾಗಿ ಬ್ರೇಕ್ ಮೇಲೆ ಬೀಳುವ ಕೆಲಸ ಜಾಸ್ತಿ. ದೊಡ್ಡ ಟ್ರ್ಯಾಕ್‌ಗಳ ಕಥೆ ಬೇರೆ: ಫ್ಲೋರಿಡಾದ ಡೇಟೋನಾ 2.5 ಮೈಲಿ, ಅಲಬಾಮಾದ ಟಾಲಡೇಗಾ 2.66 ಮೈಲಿ. ಅಲ್ಲಿ ತಿರುವುಗಳ ಇಳಿಜಾರು 31, 33 ಡಿಗ್ರಿ. 1987ರಲ್ಲಿ ಟಾಲಡೇಗಾದಲ್ಲಿ ಡ್ರೈವರ್ ಬಾಬಿ ಆಲಿಸನ್ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಗೆ ಬಡಿದ ಮೇಲೆ, ಈ ಎರಡು ಟ್ರ್ಯಾಕ್‌ಗಳಲ್ಲಿ ಇಂಜಿನ್‌ಗೆ ಹೋಗುವ ಗಾಳಿಯನ್ನೇ ಕಡಿಮೆ ಮಾಡಿ ವೇಗ ಇಳಿಸಿದರು. ಎಲ್ಲರ ಶಕ್ತಿಯೂ ಒಂದೇ ಆದ್ದರಿಂದ ಕಾರುಗಳು ಗುಂಪಾಗಿ ಅಂಟಿಕೊಂಡೇ ಓಡುತ್ತವೆ, ಒಬ್ಬ ತಪ್ಪಿದರೆ ಹತ್ತಾರು ಕಾರು ಹಾಳು. ನೋಡಲು ಮೈ ಜುಮ್ ಅನ್ನುತ್ತದೆ ನಿಜ, ಆದರೆ ಯಾರು ಯಾಕೆ ಮುಂದೆ ಬಂದರು ಅಂತ ಹೊಸಬರಿಗೆ ತಿಳಿಯುವುದು ಕಷ್ಟ.

ಸೀಟು ಯಾವತ್ತೂ ಮೇಲಿನದ್ದು ತಗೊಳ್ಳಿ. ಕೆಳಗಿನ ಸಾಲು ಹತ್ತಿರ ಅಂತ ಆಸೆಪಟ್ಟರೆ ಬೇಲಿ ಆಚೆ ಬಣ್ಣ ಬಣ್ಣದ ಗೆರೆಗಳು ಹಾದುಹೋಗುವುದು ಮಾತ್ರ ಕಾಣುತ್ತದೆ, ಜೊತೆಗೆ ಟೈರ್‌ನಿಂದ ಕಿತ್ತು ಬರುವ ರಬ್ಬರ್ ಚೂರುಗಳು ಮುಖಕ್ಕೆ. ಪಿಟ್ ರೋಡ್, ಅಂದರೆ ಟೈರ್, ಇಂಧನಕ್ಕೆ ಕಾರುಗಳು ಬಂದು ನಿಲ್ಲುವ ದಾರಿ, ಪೂರ್ತಿ ಕಾಣುವ ಜಾಗ ಸಿಕ್ಕರೆ ಬಿಡಲೇಬೇಡಿ.

ಕಿವಿ ಮುಚ್ಚಿಕೊಳ್ಳದೆ ಕೂರಬೇಡಿ. ನಲವತ್ತರ ಹತ್ತಿರ ಕಾರುಗಳು, ಮೂರು ನಾಲ್ಕು ಗಂಟೆ. ಒಳಗೆ ಫೋಮ್ ಪ್ಲಗ್, ಅದರ ಮೇಲೆ ಹೆಡ್‌ಫೋನ್. ಮಕ್ಕಳಿದ್ದರೆ ಅವರ ಅಳತೆಯದ್ದನ್ನು ಮನೆಯಿಂದಲೇ ತನ್ನಿ. ಊಟ, ನೀರು ತುಂಬಿದ ಸಣ್ಣ ಕೂಲರನ್ನು ಬಹಳಷ್ಟು ಟ್ರ್ಯಾಕ್‌ಗಳು ಒಳಗೆ ಬಿಡುತ್ತವೆ. ಅಳತೆ ಎಷ್ಟಿರಬೇಕು ಅಂತ ಆ ಟ್ರ್ಯಾಕ್‌ನ ನಿಯಮ ನೋಡಿಕೊಂಡು ಹೊರಡಿ.

ಶನಿವಾರ ತಪ್ಪಿಸಬೇಡಿ. ಸಾಮಾನ್ಯವಾಗಿ ನಾಸ್ಕಾರ್‌ನ ಮೇಲಿನ ಸರಣಿಯಾದ ಕಪ್‌ನ ಕಾರುಗಳ ಪ್ರಾಕ್ಟೀಸ್, ಕ್ವಾಲಿಫೈಯಿಂಗ್ ಅವತ್ತೇ, ಜೊತೆಗೆ ಕೆಳಗಿನ ಸರಣಿಯ ಒಂದು ರೇಸ್ ಕೂಡ. ಕ್ವಾಲಿಫೈಯಿಂಗ್ ಬರೀ ಹೊರಡುವ ಜಾಗಕ್ಕೆ ಅಂದುಕೊಳ್ಳಬೇಡಿ. ಚೆನ್ನಾಗಿ ಓಡಿಸಿದವರು ಪಿಟ್ ಜಾಗವನ್ನೂ ಮೊದಲು ಆರಿಸಿಕೊಳ್ಳುತ್ತಾರೆ. ಪಿಟ್ ರೋಡಿನ ಹೊರದಾರಿಗೆ ಹತ್ತಿರ ಇರುವ ಜಾಗ ಸಿಕ್ಕರೆ, ಎದುರಿಗೆ ಅಡ್ಡ ಯಾರೂ ಇರುವುದಿಲ್ಲ, ಪ್ರತಿ ಸಲವೂ ಸಲೀಸಾಗಿ ಹೊರಗೆ ಬರಬಹುದು. ನಿಮ್ಮ ಕಾರಿನ ಪಿಟ್ ಎಲ್ಲಿದೆ ಅಂತ ಗುರುತು ಮಾಡಿಟ್ಟುಕೊಳ್ಳಿ.

ಭಾನುವಾರ, ಅಂದರೆ ರೇಸಿನ ದಿನ, ತಂಡಗಳ ರೇಡಿಯೊ ಮಾತು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ತಗೊಳ್ಳಿ. ಖರ್ಚಿನಲ್ಲಿ ಬೇರೆ ಏನಾದರೂ ಕಡಿತ ಮಾಡಿ, ಇದನ್ನು ಬಿಡಬೇಡಿ. ಡ್ರೈವರ್, ತಂಡ ನಡೆಸುವ ಕ್ರೂ ಚೀಫ್, ಮತ್ತೆ ಸ್ಟ್ಯಾಂಡಿನ ಮೇಲ್ತುದಿಯಲ್ಲಿ ನಿಂತು ಪಕ್ಕದಲ್ಲಿ ಯಾರಿದ್ದಾರೆ ಅಂತ ಹೇಳುತ್ತಲೇ ಇರುವ ಸ್ಪಾಟರ್, ಮೂವರ ಮಾತೂ ನೇರವಾಗಿ ಕೇಳಿಸುತ್ತದೆ. ಎರಡು ಪದ ಮೊದಲೇ ಗೊತ್ತಿರಲಿ. 'ಲೂಸ್' ಅಂದರೆ ತಿರುವಿನಲ್ಲಿ ಹಿಂಭಾಗ ಹೊರಗೆ ಜಾರುತ್ತಿದೆ. 'ಟೈಟ್' ಅಂದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ತಿರುಗುತ್ತಿಲ್ಲ. ಡ್ರೈವರ್ "ಟೈಟ್" ಅಂದ, ಪಿಟ್‌ನಲ್ಲಿ ಅದಕ್ಕೆ ಏನೋ ಮಾಡಿದರು, ಆಮೇಲೆ ಹತ್ತು ಸುತ್ತಿನಲ್ಲಿ ಕಾರು ನಾಲ್ಕು ಜಾಗ ಮೇಲೆ ಬಂತು ಅಂದರೆ, ನೀವು ರೇಸಿನ ಒಳಗೇ ಇದ್ದೀರಿ.

ಪಿಟ್ ಸ್ಟಾಪ್ ನೋಡುವಾಗ ಜ್ಯಾಕ್ ಹಿಡಿದವರ ಮೇಲೆ ಕಣ್ಣಿಡಿ. ಗೋಡೆ ಹಾರಿ ಬರುವವರು ಐದೇ ಜನ. ಕಾರು ನಿಲ್ಲುವಷ್ಟರಲ್ಲಿ ಜ್ಯಾಕ್ ಬಲಗಡೆ ಸೇರಿರುತ್ತದೆ, ಬಲದ ಎರಡು ಟೈರ್ ಬದಲಾಗುತ್ತವೆ, ಕಾರು ಧೊಪ್ಪನೆ ಇಳಿಯುತ್ತದೆ, ಎಲ್ಲರೂ ಎಡಕ್ಕೆ ಓಡುತ್ತಾರೆ, ಮತ್ತೆ ಎತ್ತು. ಎಡಗಡೆ ಜ್ಯಾಕ್ ಇಳಿಯಿತು ಅಂದರೆ ಅದೇ ಹೊರಡುವ ಸೂಚನೆ. 2022ರ ಹೊಸ ಕಾರಿನಿಂದ ಈಚೆಗೆ ಒಂದು ಚಕ್ರಕ್ಕೆ ಒಂದೇ ನಟ್, ನಾಲ್ಕೂ ಟೈರ್ ಹತ್ತು ಸೆಕೆಂಡಿನ ಆಸುಪಾಸು. ಸಮಯ ಉಳಿಸಲು ಎರಡೇ ಟೈರ್ ಹಾಕಿಸಿಕೊಂಡು ಮುಂದೆ ಬರುವವರೂ ಇರುತ್ತಾರೆ. ಉಳಿದ ಎರಡು ಹಳೇ ಟೈರಿನಲ್ಲಿ ಆ ಜಾಗ ಎಷ್ಟು ಹೊತ್ತು ಉಳಿಸಿಕೊಳ್ಳುತ್ತಾರೆ ನೋಡಿ.

ರೇಸನ್ನು ಸಾಮಾನ್ಯವಾಗಿ ಮೂರು ಸ್ಟೇಜ್ ಮಾಡಿರುತ್ತಾರೆ, 2017ರಿಂದ ಹೀಗೆ. ಮೊದಲ ಎರಡು ಸ್ಟೇಜ್ ಮುಗಿದಾಗ ಮೊದಲ ಹತ್ತು ಜನಕ್ಕೆ ಅಂಕ ಸಿಗುತ್ತದೆ. ಕೆಲವರು ಆ ಅಂಕ ಬಿಟ್ಟು ಮೊದಲೇ ಪಿಟ್‌ಗೆ ಹೋಗುತ್ತಾರೆ, ಸ್ಟೇಜ್ ಮುಗಿದು ಬೇರೆಯವರು ಪಿಟ್‌ಗೆ ಹೋದಾಗ ತಾವು ಮುಂದೆ ಬಂದು ನಂತರದ ಸ್ಟೇಜ್ ಶುರು ಮಾಡಲು.

ಅಪಘಾತವೋ ಇನ್ನೇನೋ ಆಗಿ ಕಾರುಗಳನ್ನು ನಿಧಾನ ಮಾಡಿಸುವ ಹಳದಿ ಬಾವುಟ ಬಿದ್ದ ತಕ್ಷಣ ಜನ ಎದ್ದು ತಿಂಡಿ ತರಲು ಹೋಗುತ್ತಾರೆ. ನೀವು ಕೂತಿರಿ. ಪಿಟ್ ಆಗುವುದು ಆಗಲೇ ಜಾಸ್ತಿ. ಸುತ್ತು ಹಿಂದೆ ಬಿದ್ದವರಲ್ಲಿ ಎಲ್ಲರಿಗಿಂತ ಮುಂದಿರುವ ಒಬ್ಬರಿಗೆ ಆ ಸುತ್ತು ವಾಪಸ್ ಸಿಗುವುದೂ ಆಗಲೇ. ಆಮೇಲೆ ಕಾರುಗಳು ಎರಡು ಸಾಲಾಗಿ ಮತ್ತೆ ಓಟ ಶುರು ಮಾಡುವ ರೀಸ್ಟಾರ್ಟ್‌ಗೆ ಮುಂಚೆ, ಟ್ರ್ಯಾಕ್ ಮೇಲೆ ಬಳಿದಿರುವ 'ವಿ' ಗುರುತಿನ ಹತ್ತಿರ ಪ್ರತಿಯೊಬ್ಬರೂ ಒಳಗಿನ ಸಾಲೋ ಹೊರಗಿನ ಸಾಲೋ ಅಂತ ಆರಿಸಿಕೊಳ್ಳುತ್ತಾರೆ. ನಿಮ್ಮ ಕಾರು ಹೊರಗಿನ ಸಾಲಿಗೆ ಹೋಗಿ ಎರಡು ಸಾಲು ಮುಂದೆ ಬಂದಿತಾ, ಅಥವಾ ಒಳಗೇ ಕಾದಿತಾ? ಇಡೀ ರೇಸಿನಲ್ಲಿ ನನಗೆ ಅತಿ ಇಷ್ಟದ ಕ್ಷಣ ಇದು.

ಟ್ರಾಫಿಕ್ ತಪ್ಪಿಸಲು ಹತ್ತು ಸುತ್ತು ಮೊದಲೇ ಎದ್ದು ಹೋಗಬೇಡಿ. ಕೊನೆಯಲ್ಲಿ ಹಳದಿ ಬಾವುಟ ಬಂದರೆ ಓವರ್‌ಟೈಮ್ ಆಗುತ್ತದೆ, ಹಸಿರು ಬಿದ್ದು ಮತ್ತೆ ಎರಡು ಸುತ್ತು, ಇಪ್ಪತ್ತನೇ ಜಾಗದ ಕಾರು ಐದನೇ ಜಾಗಕ್ಕೆ ಬರುವುದೂ ಅಲ್ಲೇ. ಮಳೆ ಬಂದರೆ ದೊಡ್ಡ ಓವಲ್‌ಗಳಲ್ಲಿ ಓಡಿಸುವುದಿಲ್ಲ, ಟ್ರ್ಯಾಕ್ ಒಣಗಿಸಿ ಕಾಯುತ್ತಾರೆ, ಆಗದಿದ್ದರೆ ಬೇರೆ ದಿನಕ್ಕೆ, ಬಹಳ ಸಲ ಸೋಮವಾರಕ್ಕೇ, ಹಾಕುತ್ತಾರೆ. ಹಾಗಾಗಿ ವಾಪಸ್ ಬರುವ ವಿಮಾನವನ್ನು ಭಾನುವಾರ ರಾತ್ರಿಗೆ ಬುಕ್ ಮಾಡಬೇಡಿ, ಸಾಧ್ಯವಾದರೆ ಸೋಮವಾರವೂ ರಜೆ ಹಾಕಿಬಿಡಿ.