ಟ್ಯೂನ್ ಮಾಡಿಸುವ ಮುಂಚೆ ಪೆಟ್ರೋಲ್ ತೀರ್ಮಾನ ಮಾಡಿಕೊಂಡೆ

ನನ್ನದು ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ. ಕಂಪನಿಯಿಂದ ಬರುವಾಗಲೇ 180 ಪಿಎಸ್ ಪವರ್, 250 ನ್ಯೂಟನ್ ಮೀಟರ್ ಟಾರ್ಕ್. ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರ್ ಫೈಲ್ ಬದಲಿಸಿ ಟ್ಯೂನ್ ಮಾಡಿಸ್ತೀನಿ ಅಂದಾಗ ಸ್ನೇಹಿತರೆಲ್ಲ ಕೇಳಿದ್ದು ಎಷ್ಟು ಪವರ್ ಜಾಸ್ತಿ ಆಗುತ್ತೆ ಅಂತ. ನನಗೆ ಮುಖ್ಯ ಅನಿಸಿದ ಪ್ರಶ್ನೆ ಬೇರೆ: ಈ ಗಾಡಿಗೆ ವರ್ಷವಿಡೀ ನಾನು ನಿಜವಾಗಿ ಹಾಕಿಸುವ ಪೆಟ್ರೋಲ್ ಯಾವುದು?

20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಬರುವ ತನಕ ನಮ್ಮಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ 91 ಆಕ್ಟೇನ್ ಆಗಿತ್ತು. ಅದರ ಮೇಲೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಭಾರತ್ ಪೆಟ್ರೋಲಿಯಂನ ಸ್ಪೀಡ್ 97, ಎಚ್‌ಪಿಯ ಪವರ್ 99. 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ100 ಬಂತು, ಲೀಟರಿಗೆ 160 ರೂಪಾಯಿ ಆಸುಪಾಸಿನಲ್ಲಿ. ಬೆಂಗಳೂರಿನಲ್ಲಿ ಹುಡುಕಿದರೆ 100 ಸಿಗುತ್ತದೆ. ಹಾಸನ, ಚಿಕ್ಕಮಗಳೂರು ಕಡೆ ಹೊರಟರೆ ಆ ಭರವಸೆ ಇಲ್ಲ. ನಾನು ಓಡಾಡುವ ದಾರಿಗಳಲ್ಲಿ ತಪ್ಪದೆ ಸಿಗುವುದು 95. ಹಾಗಾಗಿ ಟ್ಯೂನರ್ ಹತ್ತಿರ ಹೋಗುವಾಗಲೇ ನನ್ನ ಲೆಕ್ಕ 95ಕ್ಕೆ ನಿಂತಿತ್ತು.

ಇಲ್ಲೊಂದು ಎಚ್ಚರಿಕೆ. ಹೊರದೇಶದ ರೆಡಿಮೇಡ್ ಫೈಲ್ ಕೊಳ್ಳುವವರು ಆಕ್ಟೇನ್ ಸಂಖ್ಯೆಯನ್ನು ಹಾಗೇ ಹೋಲಿಸಬಾರದು. ಅಮೆರಿಕದ ಪಂಪಿನ ಮೇಲಿರುವುದು ರಿಸರ್ಚ್, ಮೋಟಾರ್ ಎಂಬ ಎರಡು ಪರೀಕ್ಷೆಗಳ ಸರಾಸರಿ. ನಮ್ಮಲ್ಲಿ ಹೇಳುವುದು ರಿಸರ್ಚ್ ಸಂಖ್ಯೆ ಮಾತ್ರ. ಅಲ್ಲಿನ 91 ನಮ್ಮ ಲೆಕ್ಕಕ್ಕೆ ಸುಮಾರು 95–96. ಅಲ್ಲಿನ 93 ಎಂದರೆ 98ರ ಹತ್ತಿರ. ಅಲ್ಲಿನ ‘91 ಫೈಲ್’ ಹಾಕಿಸಿ ಇಲ್ಲಿನ 91 ತುಂಬಿಸಿದರೆ ಎಂಜಿನ್ ಬಡಿದುಕೊಳ್ಳುತ್ತದೆ.

ಆಕ್ಟೇನ್ ಹೆಚ್ಚಾದರೆ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚು ಅಂತಲ್ಲ. ಒತ್ತಡ, ಬಿಸಿ ಏರಿದಾಗ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ತಾಕತ್ತು ಹೆಚ್ಚು. ಟರ್ಬೊ ಎಂಜಿನ್ನಿನಲ್ಲಿ ಬೂಸ್ಟ್ (ಒಳಗೆ ತುಂಬುವ ಗಾಳಿಯ ಒತ್ತಡ) ಏರಿಸಿದಷ್ಟೂ ಈ ತಾಕತ್ತು ಬೇಕಾಗುತ್ತದೆ. ಅದು ಸಾಲದಿದ್ದರೆ ಮಿಶ್ರಣ ತಾನಾಗಿ ಹೊತ್ತಿ ಎಂಜಿನ್ ಬಡಿದುಕೊಳ್ಳುವ ನಾಕಿಂಗ್ ಶುರು. ನಾಕ್ ಸೆನ್ಸರ್ ಆ ಕಂಪನ ಹಿಡಿದ ತಕ್ಷಣ ಇಸಿಯು ಸ್ಪಾರ್ಕ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಕೊಡುತ್ತದೆ; ಇದೇ ರಿಟಾರ್ಡ್. ಎಂಜಿನ್ ಉಳಿಯುತ್ತದೆ, ಆದರೆ ಪವರ್ ಹೋಗುತ್ತದೆ. ತಡವಾಗಿ ಹೊತ್ತಿದ ಬೆಂಕಿಯ ಬಿಸಿಯೆಲ್ಲ ಎಕ್ಸಾಸ್ಟ್ ಕಡೆ ಹೋಗಿ ಟರ್ಬೊ, ಕ್ಯಾಟಲಿಟಿಕ್ ಕನ್ವರ್ಟರ್ ಎರಡನ್ನೂ ಕಾಯಿಸುತ್ತದೆ.

ಹಾಗಾಗಿ ನಾನು ಡೈನೋದ (ಗಾಡಿಯನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಪವರ್ ಗ್ರಾಫಿಗಿಂತ ಟೈಮಿಂಗ್ ಲಾಗನ್ನು ನಂಬುತ್ತೇನೆ. ಗಾಡಿಯ ಡಯಾಗ್ನೋಸ್ಟಿಕ್ ಕಿಂಡಿಯಾದ ಒಬಿಡಿ ಪೋರ್ಟಿಗೆ, ಇಸಿಯು ಮಾಹಿತಿ ಓದುವ ವಿಸಿಡಿಎಸ್ ಕೇಬಲ್ ಹಾಕಿ ಆರ್‌ಪಿಎಂ, ಬೂಸ್ಟ್, ಒಳಬರುವ ಗಾಳಿಯ ಬಿಸಿ, ನಾಲ್ಕೂ ಸಿಲಿಂಡರಿನ ರಿಟಾರ್ಡ್, ಲ್ಯಾಂಬ್ಡಾ (ಗಾಳಿ–ಇಂಧನ ಮಿಶ್ರಣದ ಅಳತೆ) ಇಷ್ಟನ್ನು ದಾಖಲಿಸಿದೆ. ಫುಲ್ ಥ್ರಾಟಲ್ ಪರೀಕ್ಷೆ ಎಲ್ಲವೂ ಡೈನೋ ಮೇಲೆ, ರಸ್ತೆಯಲ್ಲಿ ಅಲ್ಲ.

ಮೊದಲು ಕಂಪನಿ ಫೈಲ್‌ನಲ್ಲೇ ನೋಡಿದೆ. 91 ಹಾಕಿದಾಗ ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಡಿಗ್ರಿಯಷ್ಟು ರಿಟಾರ್ಡ್. 95ಕ್ಕೆ ಅದು ಮಾಯ. 100 ಹಾಕಿದರೆ 95ಕ್ಕಿಂತ ಏನೂ ಹೆಚ್ಚು ಸಿಗಲಿಲ್ಲ. ಫೈಲ್ ಕೇಳುವ ಟೈಮಿಂಗ್ ಪೂರ್ತಿ ಸಿಕ್ಕ ಮೇಲೆ ಮಿಕ್ಕ ಆಕ್ಟೇನ್ ಬರೀ ದುಡ್ಡು ದಂಡ. ಟ್ಯೂನ್ ಆಗದ ಗಾಡಿಗೆ 100 ಹಾಕಿಸಿ ಪಿಕಪ್ ಬಂತು ಅನ್ನುವವರಿಗೆ ನಾನು ಈ ಲಾಗನ್ನೇ ತೋರಿಸುತ್ತೇನೆ.

ರೀಮ್ಯಾಪ್ ಹಾಕಿದ ಮೇಲೆ ಚಿತ್ರ ಬೇರೆ. 91ರಲ್ಲಿ 3,200 ಆರ್‌ಪಿಎಂ ಹತ್ತಿರ ಬೂಸ್ಟ್ ತುದಿ ಮುಟ್ಟಿದೊಡನೆ ನಾಲ್ಕೂ ಸಿಲಿಂಡರ್ ಒಟ್ಟಿಗೆ ನಾಲ್ಕೈದು ಡಿಗ್ರಿ ಹಿಂದೆ ಸರಿದವು. ಮೂರನೆಯದು ಆರಕ್ಕೆ ಹೋಯಿತು. 95ರಲ್ಲಿ ಎರಡು, ಹೆಚ್ಚೆಂದರೆ ಮೂರು, ಅದೂ ಒಂದೆರಡು ಸಿಲಿಂಡರಿನಲ್ಲಿ ಬಂದು ಹೋಗುವಂಥದ್ದು. 100ರಲ್ಲಿ ಬಹುತೇಕ ಸೊನ್ನೆ. ಒಂದು ಸಿಲಿಂಡರ್ ಅಲ್ಲೊಮ್ಮೆ ಇಲ್ಲೊಮ್ಮೆ ಎರಡು ಡಿಗ್ರಿ ಬಿಟ್ಟುಕೊಟ್ಟರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ನಾಲ್ಕೂ ಒಟ್ಟಿಗೆ ಕುಸಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ. ಯಾವ ಪೆಟ್ರೋಲ್ ಹಾಕಿದರೂ ಒಂದೇ ಆರ್‌ಪಿಎಂನಲ್ಲಿ ಅಷ್ಟೇ ರಿಟಾರ್ಡ್ ಕಾಣುತ್ತಿದ್ದರೆ ಅದು ಪೆಟ್ರೋಲಿನ ದೋಷವಲ್ಲ. ಎಲ್ಲೋ ಹೀಟ್ ಶೀಲ್ಡ್ ಸಡಿಲವಾಗಿ ನಡುಗುತ್ತಿರಬಹುದು, ಸೆನ್ಸರ್ ಅದನ್ನೇ ನಾಕಿಂಗ್ ಅಂದುಕೊಳ್ಳುತ್ತದೆ.

ಟ್ಯೂನರ್‌ಗೆ ನಾನು ಕೇಳಿದ್ದು ಎರಡು. 95ರಲ್ಲಿ ಬಿಸಿಲಿಗೂ ರಿಟಾರ್ಡ್ ಮೂರು ಡಿಗ್ರಿ ದಾಟದಂತೆ ಟೈಮಿಂಗ್ ಇಳಿಸಬೇಕು. 2,000 ಆರ್‌ಪಿಎಂ ಕೆಳಗೆ ಟಾರ್ಕ್ ಹೆಚ್ಚಿಸಲೇಬಾರದು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ವೇಗದಲ್ಲಿ ಹೆಚ್ಚು ಬೂಸ್ಟ್ ಕೊಟ್ಟರೆ ಸ್ಪಾರ್ಕ್ ಬರುವ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ಸಿಲಿಂಡರಿನೊಳಗೆ ಸೇರುವ ಎಂಜಿನ್ ಆಯಿಲಿನ ಹನಿಗಳಿಗೂ ಇದರಲ್ಲಿ ಪಾತ್ರವಿದೆ. ಹೆಚ್ಚಿನ ಆಕ್ಟೇನ್ ಇದನ್ನು ಅಷ್ಟಾಗಿ ತಡೆಯುವುದಿಲ್ಲ, ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಮೇಲಾಗಿ ನನ್ನ ಗಾಡಿಯಲ್ಲಿರುವುದು ಡಿಕ್ಯೂ200 ಡ್ರೈ ಕ್ಲಚ್ ಗೇರ್‌ಬಾಕ್ಸ್. ಅದರ ರೇಟಿಂಗೇ 250 ನ್ಯೂಟನ್ ಮೀಟರ್. ಪೆಟ್ರೋಲ್ ತಡೆದುಕೊಂಡರೂ ಕ್ಲಚ್ ತಡೆಯಬೇಕಲ್ಲ. ಹೀಗಾಗಿ ಮಧ್ಯದಲ್ಲಿ ಟಾರ್ಕನ್ನು ಗುಡ್ಡ ಮಾಡದೆ, 4,500ರಿಂದಾಚೆ ಪವರ್ ಜಾರದಂತೆ ಹಿಡಿದಿಡಿಸಿದೆ. ಸ್ಪಾರ್ಕ್ ಪ್ಲಗ್ ಒಂದು ಹಂತ ತಂಪಿನದು, ಅಂದರೆ ಬಿಸಿಯನ್ನು ಬೇಗ ಹೊರಹಾಕುವಂಥದ್ದು, ಹಾಕಿಸಿದೆ. ವಾರಂಟಿ ಮುಗಿದ ಮೇಲೆ ಮಾಡಿಸಿದ್ದರಿಂದ ಆ ಚಿಂತೆ ಇರಲಿಲ್ಲ.

ಆಮೇಲೆ ಇ20 ಬಂತು. ಎಥನಾಲ್‌ನ ಆಕ್ಟೇನ್ 108ರ ಆಸುಪಾಸು, ಆವಿಯಾಗುವಾಗ ಗಾಳಿಯನ್ನು ಚೆನ್ನಾಗಿ ತಣಿಸುತ್ತದೆ. ಇ20ಗೆ ಬಿಐಎಸ್ ಮಾನದಂಡದಲ್ಲೇ ಕನಿಷ್ಠ ಆಕ್ಟೇನ್ 95. ನಾಕಿಂಗ್ ಲೆಕ್ಕದಲ್ಲಿ ಇದು ಲಾಭವೇ, ನನ್ನ ಲಾಗ್‌ನಲ್ಲೂ ರಿಟಾರ್ಡ್ ಇಳಿಯಿತು. ಆದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು: ಇ10ಗೆ ಗಾಳಿ–ಇಂಧನದ ಅನುಪಾತ 14.1ರ ಹತ್ತಿರ, ಇ20ಗೆ 13.5. ಫ್ಯೂಯೆಲ್ ಟ್ರಿಮ್ (ಇಸಿಯು ತಾನೇ ಮಾಡಿಕೊಳ್ಳುವ ಇಂಧನದ ಹೊಂದಾಣಿಕೆ) ನಾಲ್ಕು ಪರ್ಸೆಂಟ್ ಮೇಲೇರಿದ್ದು ಅದಕ್ಕೇ, ಮೈಲೇಜ್ ಕುಸಿದದ್ದೂ ಅದಕ್ಕೇ. ಫೈಲ್ ಸರಿಪಡಿಸಿಕೊಂಡೆ. ಇ10 ಕಾಲದ ಗಾಡಿ ಆದ್ದರಿಂದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸ್‌ನಲ್ಲೂ ಕೈಯಿಂದ ಮುಟ್ಟಿ ನೋಡಿಸುತ್ತೇನೆ.

ಟ್ರ್ಯಾಕ್ ದಿನಕ್ಕೆ ಮಾತ್ರ ಬೇರೆ ವ್ಯವಸ್ಥೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಬಿಸಿಲಿನಲ್ಲಿ ಸುತ್ತು ಹಾಕುತ್ತಾ ಹೋದರೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಾದು, 95ರಲ್ಲೂ ರಿಟಾರ್ಡ್ ಏರತೊಡಗುತ್ತದೆ. 50 ಲೀಟರ್ ಟ್ಯಾಂಕಿನಲ್ಲಿ ಅರ್ಧ 95 ಇದ್ದಾಗ ಮೇಲೆ 100 ತುಂಬಿಸಿದರೆ ಹೆಚ್ಚೂಕಮ್ಮಿ 97–98 ಆಗುತ್ತದೆ. ನನ್ನ ಫೈಲಿಗೆ ಅಷ್ಟು ಧಾರಾಳ. ಪೂರ್ತಿ ಟ್ಯಾಂಕ್ 100 ಹಾಕಿಸುವ ಅಗತ್ಯ ಬಿದ್ದಿಲ್ಲ. ಹೊಸ ಪೆಟ್ರೋಲ್ ಹಾಕಿಸಿದ ಮೇಲೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಮೆತ್ತಗೆ ಓಡಿಸಿ, ಲಾಗ್ ಒಮ್ಮೆ ನೋಡಿ, ಆಮೇಲೆ ಟ್ರ್ಯಾಕಿಗಿಳಿಸುತ್ತೇನೆ.