ಹನ್ನೊಂದು ಕಿಲೋವೋಲ್ಟ್ ಜನರೇಟರಿನ ಪಿ.ಡಿ. ಅಳತೆಯನ್ನು ನಾನು ಓದಿದ ಬಗೆ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಆಸುಪಾಸಿನ ಸಕ್ಕರೆ ಕಾರ್ಖಾನೆಗಳಲ್ಲಿ ಜನರೇಟರ್‌ಗಳ ಇನ್ಸುಲೇಶನ್ ಪರೀಕ್ಷಿಸುವುದು ನನ್ನ ಕೆಲಸ. ಕಬ್ಬು ನುರಿಸುವ ಹಂಗಾಮಿನಲ್ಲಿ ಜನರೇಟರ್ ನಿಂತರೆ ಕಾರ್ಖಾನೆಯೇ ನಿಂತಂತೆ. ಆದ್ದರಿಂದ ಯಂತ್ರ ಓಡುತ್ತಿರುವಾಗಲೇ ಮಾಡಬಹುದಾದ ಪಾರ್ಷಿಯಲ್ ಡಿಸ್ಚಾರ್ಜ್ ಪರೀಕ್ಷೆಯನ್ನು, ಅಂದರೆ ನಾವು ಪಿ.ಡಿ. ಎನ್ನುವುದನ್ನು, ನಾನು ಬಹಳವಾಗಿ ನೆಚ್ಚಿಕೊಂಡಿದ್ದೇನೆ. ಒಂದು ಯಂತ್ರದ ರೀಡಿಂಗನ್ನು ಮೊದಲು ತಪ್ಪಾಗಿ ಓದಿ, ಬಳಿಕ ತಿದ್ದಿಕೊಂಡ ಸಂಗತಿ ಇದು.

ಇನ್ಸುಲೇಶನ್ನಿನ ಒಳಗೋ ಅದರ ಮೇಲ್ಮೈಯಲ್ಲೋ ಗಾಳಿಯ ಸಣ್ಣ ಎಡೆ ಉಳಿದಿದ್ದು, ಅಲ್ಲಿ ವಿದ್ಯುತ್ ಒತ್ತಡ ಗಾಳಿಯ ತಾಳಿಕೆಯನ್ನು, ಸಾಮಾನ್ಯವಾಗಿ ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟನ್ನು, ಮೀರಿದರೆ ಕಿಡಿ ಹಾರುತ್ತದೆ; ಇದೇ ಪಿ.ಡಿ. ಇನ್ಸುಲೇಶನ್ನಿನಲ್ಲಿರುವ ಮೈಕಾ (ಅಭ್ರಕ) ಈ ಕಿಡಿಗಳನ್ನು ವರ್ಷಗಟ್ಟಲೆ ತಾಳಬಲ್ಲದು, ಹಾಗಾಗಿ ಪಿ.ಡಿ. ಇದೆ ಎಂದ ಮಾತ್ರಕ್ಕೆ ವೈಂಡಿಂಗ್, ಅಂದರೆ ಕಾಯಿಲುಗಳ ಸುತ್ತು, ಮುಗಿಯಿತು ಎಂದಲ್ಲ. ಕಿಡಿ ಎಲ್ಲಿ ಹಾರುತ್ತಿದೆ, ಏಕೆ ಹೆಚ್ಚುತ್ತಿದೆ ಎಂಬುದನ್ನು ತಿಳಿಯಬೇಕು.

ಆ ಜನರೇಟರಿನ ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ ಪ್ರತಿ ಫೇಸಿನ ಟರ್ಮಿನಲ್ಲಿಗೂ 80 ಪಿಕೊಫ್ಯಾರಡಿನ ಕಪ್ಲರ್, ಅಂದರೆ ಪಿ.ಡಿ.ಯ ಪಲ್ಸುಗಳನ್ನು ಹಿಡಿಯುವ ಕೆಪ್ಯಾಸಿಟರ್, ಕೂಡಿಸಲಾಗಿತ್ತು. ಹಂಗಾಮಿನ ಮೊದಲ ವಾರ ಅಳೆದಾಗ ಆರ್ ಮತ್ತು ವೈ ಫೇಸುಗಳಲ್ಲಿ ಪಲ್ಸುಗಳ ಗಾತ್ರ ಹೇಳುವ ಮಿಲಿವೋಲ್ಟ್ ಹಿಂದಿನ ವರ್ಷದ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಒಂದು ವರ್ಷದೊಳಗೆ ರೀಡಿಂಗ್ ಇಮ್ಮಡಿಯಾದರೆ ಎಚ್ಚರ ವಹಿಸಬೇಕೆಂಬುದು ನಮ್ಮಲ್ಲಿ ರೂಢಿಯಲ್ಲಿರುವ ಮಾತು. ಸ್ಲಾಟಿನಲ್ಲಿ, ಅಂದರೆ ಅವು ಕೂರುವ ತೋಡಿನಲ್ಲಿ, ಕಾಯಿಲುಗಳು ಸಡಿಲವಾಗಿರಬೇಕೆಂದು ನಾನು ವರದಿಯ ಕರಡಿನಲ್ಲಿ ಬರೆದೂಬಿಟ್ಟೆ. ಹಾಗೆ ಬರೆದಿದ್ದು ಅವಸರದ ತೀರ್ಮಾನ. ಹಿಂದಿನ ವರ್ಷ ಯಂತ್ರ ಪೂರ್ಣ ಲೋಡಿನಲ್ಲಿ ಕಾದಿದ್ದಾಗ ಅಳೆದಿದ್ದೆ, ಈ ಬಾರಿ ಅದು ಆಗಷ್ಟೇ ಶುರುವಾಗಿ ಇನ್ನೂ ತಣ್ಣಗಿತ್ತು. ತಣ್ಣಗಿರುವಾಗ ಒಳಗಿನ ಗಾಳಿಯೆಡೆಗಳು ಹಿಗ್ಗಿ ಪಿ.ಡಿ. ತಾನಾಗಿಯೇ ಹೆಚ್ಚು ಕಾಣಬಹುದು, ಆದ್ದರಿಂದ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವಂತೆಯೇ ಇರಲಿಲ್ಲ.

ಶಿಫ್ಟ್ ಇಂಜಿನಿಯರರನ್ನು ಕೇಳಿಕೊಂಡು ಮತ್ತೆ ಅಳೆದೆ. ಯಂತ್ರವನ್ನು ಪೂರ್ಣ ಲೋಡಿನಲ್ಲಿ ಓಡಿಸಿ, ವೈಂಡಿಂಗ್ ಉಷ್ಣತೆ ಏರದೆ ನಿಂತ ಮೇಲೆ ಒಂದು ರೀಡಿಂಗ್ ತೆಗೆದುಕೊಂಡೆ. ಕೂಡಲೇ ಲೋಡ್ ಇಳಿಸಿ, ಉಷ್ಣತೆ ಇಳಿಯುವ ಮೊದಲೇ ಇನ್ನೊಂದು. ಕಾಯಿಲಿನ ಮೇಲಿನ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕಾಯಿಲುಗಳು ಸಡಿಲವಾಗಿದ್ದರೆ ಲೋಡ್ ಇಳಿದಾಗ ಪಿ.ಡಿ.ಯೂ ಇಳಿಯಬೇಕಿತ್ತು. ಅದು ಬಹುಮಟ್ಟಿಗೆ ಇದ್ದಲ್ಲಿಯೇ ಇತ್ತು. ಕಡಿಮೆ ಲೋಡಿನಲ್ಲೇ ಯಂತ್ರ ತಣಿಯುವವರೆಗೆ ಕಾದು ನೋಡಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮಂಜು ಕವಿದ ಬೆಳಗಿನ ರೀಡಿಂಗಿಗೂ ಒಣ ಮಧ್ಯಾಹ್ನದ ರೀಡಿಂಗಿಗೂ ಸ್ಪಷ್ಟ ಅಂತರವಿತ್ತು. ತೇವಾಂಶಕ್ಕೆ ಹೀಗೆ ಓಗೊಡುವ ಪಿ.ಡಿ. ಇನ್ಸುಲೇಶನ್ನಿನ ಒಳಗಿನದಲ್ಲ, ಮೇಲ್ಮೈಯದು.

ಉಳಿದ ಸಂಶಯವನ್ನು ಕಳೆದದ್ದು ಫೇಸ್ ಕೋನದ ಚಿತ್ರ, ಅಂದರೆ ಎ.ಸಿ. ಒತ್ತಡದ 360 ಡಿಗ್ರಿಯ ಒಂದು ಆವರ್ತದಲ್ಲಿ ಪಲ್ಸುಗಳು ಎಲ್ಲೆಲ್ಲಿ ಬೀಳುತ್ತವೆಂದು ತೋರಿಸುವ ಚಿತ್ರ. ಫೇಸಿಗೂ ನೆಲಕ್ಕೂ ನಡುವಿನ ಪಿ.ಡಿ. ಸಾಮಾನ್ಯವಾಗಿ 45 ಮತ್ತು 225 ಡಿಗ್ರಿಗಳ ಸುತ್ತ ಗುಂಪುಗೂಡುತ್ತದೆ. ಇಲ್ಲಿ ಆ ಗುಂಪುಗಳು ಸುಮಾರು 30 ಡಿಗ್ರಿ ಪಕ್ಕಕ್ಕೆ ಸರಿದಿದ್ದವು. ಅಷ್ಟೇ ಅಲ್ಲ, ಆರ್ ಫೇಸಿನಲ್ಲಿ ಧನ ಪಲ್ಸ್ ಕಂಡ ಗಳಿಗೆಯಲ್ಲೇ ವೈ ಫೇಸಿನಲ್ಲಿ ಋಣ ಪಲ್ಸ್ ಕಾಣುತ್ತಿತ್ತು. ಎರಡು ಫೇಸುಗಳ ನಡುವೆ ಕಿಡಿ ಹಾರುವಾಗ ಚಿತ್ರ ಹೀಗೆಯೇ ಇರುತ್ತದೆ. ನೆಲಕ್ಕೆ ಹೋಲಿಸಿದರೆ ಈ ಯಂತ್ರದ ಫೇಸಿನ ಮೇಲಿರುವುದು 6.35 ಕಿಲೋವೋಲ್ಟ್; ಸ್ಲಾಟಿನಿಂದ ಹೊರಬಂದು ಬಾಗುವ ಭಾಗದಲ್ಲಿ ಎರಡು ಫೇಸುಗಳ ಮೊದಲ ಕಾಯಿಲುಗಳು ಅಕ್ಕಪಕ್ಕ ಬಂದರೆ ಅವುಗಳ ನಡುವೆ ಇಡೀ 11 ಕಿಲೋವೋಲ್ಟ್ ಇರುತ್ತದೆ. ಕರಡನ್ನು ಹರಿದು ಹಾಕಿ, ಹಂಗಾಮು ಮುಗಿದ ಮೇಲೆ ಆ ಭಾಗವನ್ನು ತೆರೆದು ನೋಡಬೇಕೆಂದು ಹೊಸದಾಗಿ ಬರೆದುಕೊಟ್ಟೆ.

ಹಂಗಾಮು ಮುಗಿದು ಕವಚ ಬಿಚ್ಚಿದಾಗ, ಅನೇಕ ವರ್ಷಗಳಿಂದ ಅಲ್ಲೇ ದುಡಿದಿದ್ದ ವೈಂಡಿಂಗ್ ಮಿಸ್ತ್ರಿಯವರು ಟಾರ್ಚ್ ಹಿಡಿದು ಬಗ್ಗಿ ನೋಡಿ, "ಇಲ್ಲಿ ಸುಣ್ಣಾ ಬಳದಂಗ ಆಗೇದ ನೋಡ್ರಿ ಸಾಹೇಬ್ರ" ಎಂದರು. ಎರಡು ಕಾಯಿಲುಗಳ ನಡುವೆ ಬೆರಳೂ ತೂರದಷ್ಟು ಕಿರಿದಾಗಿದ್ದ ಸಂದಿನಲ್ಲಿ ಪಿ.ಡಿ. ಬಿಟ್ಟ ಬಿಳಿ ಪುಡಿ ಕಟ್ಟಿತ್ತು. ಅದರ ಸುತ್ತ ಬೇರಿಂಗ್ ಎಣ್ಣೆಯೊಂದಿಗೆ ಅಂಟಿಕೊಂಡ ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಧೂಳು. ಇಂಥ ಜಾಗಗಳು ನಾಲ್ಕು ಸಿಕ್ಕವು, ನಾಲ್ಕೂ ಆರ್ ಮತ್ತು ವೈ ಫೇಸುಗಳ ನಡುವಿನವೇ. ಕೂಲರ್ ಕವಚದ ಸೀಲ್ ಒಡೆದಿದ್ದರಿಂದ ಹೊರಗಿನ ಧೂಳೂ ತೇವವೂ ಒಳಗೆ ಸೇರುತ್ತಿದ್ದವು.

ವೈಂಡಿಂಗನ್ನು ಒರೆಸಿ, ಒಣಗಿಸಿ, ಇನ್ಸುಲೇಶನ್ ಒಣಗಿ ಶುದ್ಧವಾಗಿದೆಯೇ ಎಂದು ಹೇಳುವ ಪೋಲರೈಸೇಶನ್ ಇಂಡೆಕ್ಸ್ ಎಂಬ ಅಂಕಿ 2ನ್ನು ದಾಟಿದೆಯೆಂದು ಖಚಿತಪಡಿಸಿಕೊಂಡ ಬಳಿಕ ವಾರ್ನಿಷ್ ಹಚ್ಚಿದೆವು, ಸೀಲನ್ನು ಬದಲಿಸಿದೆವು. ಮುಂದಿನ ಹಂಗಾಮಿನಲ್ಲಿ ಅದೇ ಲೋಡ್, ಅದೇ ಉಷ್ಣತೆಯಲ್ಲಿ, ಹವೆಯ ತೇವಾಂಶವನ್ನೂ ಬರೆದಿಟ್ಟುಕೊಂಡು ಅಳೆದೆ. ಮಿಲಿವೋಲ್ಟ್ ಅರ್ಧಕ್ಕಿಂತ ಕೆಳಗಿಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಕಾಯಿಲುಗಳ ನಡುವಿನ ಸಂದು ಕಟ್ಟುವಾಗಲೇ ಕಿರಿದಾಗಿದ್ದು, ಅದನ್ನು ಒರೆಸಿ ಅಗಲಿಸಲಾಗದು. ಆದ್ದರಿಂದ ಪ್ರತಿ ವರ್ಷ ಕವಚ ತೆರೆದಾಗ ಆ ನಾಲ್ಕು ಜಾಗಗಳನ್ನೇ ಮೊದಲು ನೋಡಬೇಕೆಂದು ಕಾರ್ಖಾನೆಯ ಲಾಗ್ ಪುಸ್ತಕದಲ್ಲಿ ಸ್ಲಾಟ್ ಸಂಖ್ಯೆಗಳ ಸಹಿತ ಬರೆಸಿದ್ದೇನೆ.